ನಿಮ್ಮ ಹೆಸರಿನ ಖಾತೆ ಯಾರದ್ದು?

2025ರ ಮೇ ತಿಂಗಳಲ್ಲಿ ಗಾಯಕ ಸೋನು ನಿಗಮ್ ಮೇಲೆ ಕರ್ನಾಟಕ ಕೆಂಡ ಕಾರುತ್ತಿತ್ತು. ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಕನ್ನಡ ಹಾಡಿಗೆ ಬೇಡಿಕೆಯಿಟ್ಟ ಯುವಕನ ಕೂಗನ್ನು ಕಾಶ್ಮೀರದ ಪಹಲ್ಗಾಮ್ ಭಯೋತ್ಪಾದಕ ದಾಳಿಯೊಂದಿಗೆ ತಳುಕು ಹಾಕಿ ಅವರು ಆಡಿದ ಮಾತು ಪೊಲೀಸ್ ಠಾಣೆಯವರೆಗೆ ಹೋಗಿತ್ತು. ಫಿಲ್ಮ್ ಚೇಂಬರ್ ಅಸಹಕಾರ ಘೋಷಿಸಿತ್ತು. ಗಾಯಕರು ಕ್ಷಮೆಯನ್ನೂ ಕೇಳಿದ್ದರು. ಅದು ತಣ್ಣಗಾಗುವ ಮೊದಲೇ ಬ್ಯಾಂಕಿನ ವ್ಯವಸ್ಥಾಪಕಿಯೊಬ್ಬರು ಕನ್ನಡ ಮಾತಾಡುವುದಿಲ್ಲ ಎಂದ ವೀಡಿಯೊ ಹರಿದಾಡಿ ಇನ್ನೊಂದು ಗಲಾಟೆ ಎದ್ದಿತು. ಆಗ ಎಕ್ಸ್‌ನಲ್ಲಿ, ಅಂದರೆ ಹಿಂದಿನ ಟ್ವಿಟರ್‌ನಲ್ಲಿ, 'ಸೋನು ನಿಗಮ್' ಎಂಬ ಹೆಸರಿನ ಖಾತೆಯೊಂದು ಸಂಸದ ತೇಜಸ್ವಿ ಸೂರ್ಯ ಅವರಿಗೆ ಸವಾಲು ಹಾಕಿತು: ಕನ್ನಡ ಚಿತ್ರಗಳನ್ನು ಡಬ್ ಮಾಡಬೇಡಿ, ದೇಶದ ತುಂಬ ಬಿಡುಗಡೆ ಮಾಡಬೇಡಿ ಎನ್ನುವ ಧೈರ್ಯ ನಿಮಗಿದೆಯೇ?

ಬೆಂಕಿಗೆ ತುಪ್ಪ ಬಿತ್ತು. 'ಮತ್ತೆ ಶುರು ಮಾಡಿದನಲ್ಲ' ಎಂದು ಜನ ಗಾಯಕರನ್ನು ತರಾಟೆಗೆ ತೆಗೆದುಕೊಂಡರು. ಆದರೆ ಗಾಯಕ ಸೋನು ನಿಗಮ್ 2017ರಲ್ಲೇ ಟ್ವಿಟರ್‌ಗೆ ಕೈಮುಗಿದು ಹೊರಬಂದಿದ್ದರು. ಆ ಖಾತೆ ಬಿಹಾರ ಮೂಲದ ವಕೀಲರೊಬ್ಬರದು. ಅವರ ಹೆಸರಿನ ಮೊದಲ ಎರಡು ಪದಗಳು ನಿಜಕ್ಕೂ ಗಾಯಕರ ಹೆಸರೇ. ಕೊನೆಗೆ ಬರುವ ಮೂರನೆಯ ಪದವೊಂದು ಮಾತ್ರ ಖಾತೆಯ ಮೇಲೆ ಕಾಣುತ್ತಿರಲಿಲ್ಲ.

ಗಾಯಕರು ಬಾಂಬೆ ಹೈಕೋರ್ಟಿಗೆ ಹೋದರು. ಆ ವರ್ಷದ ಜುಲೈನಲ್ಲಿ ಬಂದ ಮಧ್ಯಂತರ ಆದೇಶದ ಸಾರ ಇಷ್ಟೇ: ಖಾತೆಯಲ್ಲಿ ಪೂರ್ತಿ ಹೆಸರು ಹಾಕಿ. ಬರೆಯಬೇಡಿ ಎಂದು ಕೋರ್ಟು ಹೇಳಲಿಲ್ಲ, ಆ ಮೂರನೆಯ ಪದವನ್ನು ವಾಪಸು ತರಿಸಿತು ಅಷ್ಟೆ. ಇಷ್ಟು ಚಿಕ್ಕ ಪರಿಹಾರಕ್ಕೆ ಹೈಕೋರ್ಟು ಬೇಕಾಯಿತೇ ಎಂದು ಯಾರಿಗಾದರೂ ಅನ್ನಿಸಬಹುದು. ಬೇಕಾಯಿತು. ಯಾಕೆಂದರೆ 'ನನ್ನ ಹೆಸರು ನನ್ನದು' ಎಂದು ನೇರವಾಗಿ ಹೇಳುವ ಒಂದು ಕಾಯ್ದೆ ಭಾರತದಲ್ಲಿ ಇಲ್ಲ. ಇರುವುದು ವ್ಯಾಪಾರದ ಹೆಸರುಗಳಿಗಾಗಿ ಮಾಡಿದ ಟ್ರೇಡ್‌ಮಾರ್ಕ್ ಕಾಯ್ದೆ, ಮೋಸಗಾರರಿಗಾಗಿ ಮಾಡಿದ ದಂಡಸಂಹಿತೆ, ಜಾಲತಾಣಗಳಿಗಾಗಿ ಮಾಡಿದ ಐಟಿ ನಿಯಮಗಳು. ವಕೀಲರು ಇವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಹೆಚ್ಚು ಸಲ ಸಿಗುವುದು ಟ್ರೇಡ್‌ಮಾರ್ಕ್.

ಟ್ರೇಡ್‌ಮಾರ್ಕ್ ಎಂದರೆ ಒಂದು ಪದದ ಮಾಲೀಕತ್ವ ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ ಎನ್ನುವುದಕ್ಕೆ ನಮ್ಮ ಹಾಲಿನ ಪೊಟ್ಟಣವೇ ಸಾಕ್ಷಿ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ 'ನಂದಿನಿ' ಹೆಸರಿನಲ್ಲಿ ಹಾಲು ಮಾರುತ್ತಿದೆ. 1989ರಲ್ಲಿ 'ನಂದಿನಿ ಡಿಲಕ್ಸ್' ಎಂಬ ಹೋಟೆಲು ಶುರುವಾಯಿತು. ಹೋಟೆಲಿನವರು ತಮ್ಮ ಹೆಸರನ್ನು ನೋಂದಾಯಿಸಲು ಹೋದಾಗ ಮಹಾಮಂಡಳ ತಕರಾರು ತೆಗೆಯಿತು. ವ್ಯಾಜ್ಯ ಎಲ್ಲ ಹಂತಗಳನ್ನೂ ದಾಟಿ ಸುಪ್ರೀಂ ಕೋರ್ಟ್ ತಲುಪಿ, 2018ರ ಜುಲೈನಲ್ಲಿ ಹೋಟೆಲಿನ ಪರವಾಗಿ ತೀರ್ಪಾಯಿತು. ನಂದಿನಿ ದೇವಿಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೋ ಒಬ್ಬರು ಹುಟ್ಟುಹಾಕಿದ ಪದವಲ್ಲ ಎಂದಿತು ಕೋರ್ಟು. ಒಂದರ ಗುರುತಿನಲ್ಲಿ ಹಸು, ಇನ್ನೊಂದರಲ್ಲಿ ದೀಪ. ಒಬ್ಬರದು ಹಾಲು, ಇನ್ನೊಬ್ಬರದು ಊಟ. ಹೋಟೆಲಿನವರು ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಆ ಹೆಸರನ್ನು ಕೇಳುವುದಿಲ್ಲ ಎಂದು ಒಪ್ಪಿದ್ದರು. ಬಿರಿಯಾನಿ ತಿನ್ನಲು ಬಂದವನು ಇದು ಹಾಲಿನ ಡೇರಿಯದು ಎಂದು ಮೋಸಹೋಗುತ್ತಾನೆಯೇ? ಇಲ್ಲ. ಅಲ್ಲಿಗೆ ಮುಗಿಯಿತು.

1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಜೀವಾಳ ಈ ಪ್ರಶ್ನೆ: ಗಿರಾಕಿಗೆ ಗೊಂದಲವಾಗುತ್ತದೆಯೇ? ಕಾಯ್ದೆಯ 29ನೇ ಸೆಕ್ಷನ್ ಉಲ್ಲಂಘನೆ ಯಾವುದೆಂದು ಹೇಳುವಾಗ ಮತ್ತೆ ಮತ್ತೆ ಬರುವ ಷರತ್ತು, ಆ ಗುರುತಿನ ಬಳಕೆ ವ್ಯಾಪಾರದ ಸಂದರ್ಭದಲ್ಲಿ ಆಗಿರಬೇಕು ಎಂಬುದು. ನೋಂದಣಿ ಇಲ್ಲದಿದ್ದರೂ 'ಪಾಸಿಂಗ್ ಆಫ್' ಎಂಬ ಹಳೆಯ ನ್ಯಾಯವೊಂದಿದೆ. ನಿನ್ನ ಸರಕನ್ನು ನನ್ನದೆಂದು ದಾಟಿಸಬೇಡ ಎನ್ನುವುದು ಅದರ ಸಾರ. ಇನ್ನೊಂದು ಕಡೆ 35ನೇ ಸೆಕ್ಷನ್, ಒಬ್ಬ ಮನುಷ್ಯ ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸಿದರೆ ಅಡ್ಡಿಪಡಿಸುವಂತಿಲ್ಲ ಎನ್ನುತ್ತದೆ. ಬಿಹಾರದ ವಕೀಲರ ಖಾತೆಯನ್ನು ಈ ಅಳತೆಗೋಲಿನಿಂದ ಅಳೆದು ನೋಡಿ. ಅವರು ಹಾಡು ಮಾರುತ್ತಿರಲಿಲ್ಲ, ಬಳಸಿದ್ದು ತಮ್ಮದೇ ಹೆಸರು. ಟ್ರೇಡ್‌ಮಾರ್ಕಿನ ಬಲೆಯಲ್ಲಿ ಅವರು ಸುಲಭಕ್ಕೆ ಸಿಗುವವರಲ್ಲ. ಸಿಕ್ಕಿದ್ದು ಒಬ್ಬರ ಹೆಸರು, ಮುಖ, ದನಿಯನ್ನು ಕಾಯುವ ವ್ಯಕ್ತಿತ್ವದ ಹಕ್ಕು ಎಂಬ ಇನ್ನೊಂದು ಬಲೆಯಲ್ಲಿ. ಅದನ್ನು ಸಂಸತ್ತು ಹೆಣೆದದ್ದಲ್ಲ, ನ್ಯಾಯಾಲಯಗಳು ಒಂದೊಂದೇ ಎಳೆ ಸೇರಿಸಿ ಹೆಣೆದದ್ದು.

ಅಂತರಜಾಲದ ಹೆಸರುಗಳಿಗೆ ಈ ಹಳೆಯ ಕಾನೂನನ್ನು ಮೊದಲು ಗಟ್ಟಿಯಾಗಿ ಹೊಲಿದುಕೊಟ್ಟ ಪ್ರಕರಣ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಣುಕುಗಳನ್ನು ಜೋಡಿಸಿ 'ಸಿಫಿ' ಎಂಬ ಪದ ಕಟ್ಟಿ, ಅದರಲ್ಲಿ ಜಾಲತಾಣಗಳನ್ನು ನಡೆಸುತ್ತಿತ್ತು. ಇನ್ನೊಂದು ಕಂಪನಿ ಒಂದು ಅಕ್ಷರ ಹೆಚ್ಚಿಸಿ 'ಸಿಫ್ಫಿನೆಟ್' ಎಂಬ ವಿಳಾಸ ಪಡೆಯಿತು. ಎಲ್ಲಿಂದ ಬಂತು ಈ ಹೆಸರು ಎಂದರೆ, ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲ ಅಕ್ಷರಗಳು ಎಂದು ಸಮಜಾಯಿಷಿ ಕೊಟ್ಟಿತು! ಸಿವಿಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟು ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೊಟ್ಟಿತು. ಐದು ಅಕ್ಷರಗಳ ಕತೆಯನ್ನು ನ್ಯಾಯಮೂರ್ತಿಗಳು ನಂಬಲಿಲ್ಲ. ಡೊಮೇನ್ ಹೆಸರು ಬರೀ ವಿಳಾಸವಲ್ಲ, ಅದು ವ್ಯಾಪಾರದ ಗುರುತು ಕೂಡ ಎಂಬ ಮಾತು ಆ ತೀರ್ಪಿನಿಂದ ದೇಶದ ಕಾನೂನಾಯಿತು.

ಆದರೆ ಡೊಮೇನ್ ಕೊಳ್ಳಲು ದುಡ್ಡು ಕೊಡಬೇಕು, ನೋಂದಣಿ ಮಾಡಿಸಬೇಕು. ಸಾಮಾಜಿಕ ಜಾಲತಾಣ ಬಂದಮೇಲೆ ಹೆಸರು ಪುಕ್ಕಟೆಯಾಯಿತು. ಒಂದು ಇಮೇಲ್ ಇದ್ದರೆ ಎರಡು ನಿಮಿಷದಲ್ಲಿ ಯಾರು ಬೇಕಾದರೂ ಯಾರು ಬೇಕಾದರೂ ಆಗಬಹುದಿತ್ತು.

ಅದರ ಮೊದಲ ದೊಡ್ಡ ದಾವೆ ಬಂದದ್ದು ಅಮೆರಿಕದಲ್ಲಿ, 2009ರಲ್ಲಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎಂಬ ಬೇಸ್‌ಬಾಲ್ ತಂಡದ ಮ್ಯಾನೇಜರ್ ಟೋನಿ ಲಾ ರೂಸಾ ಅವರ ಹೆಸರು ಮತ್ತು ಫೋಟೊ ಹಾಕಿಕೊಂಡು ಯಾರೋ ಟ್ವಿಟರ್ ಖಾತೆ ತೆರೆದಿದ್ದರು. ಕುಡಿದು ವಾಹನ ಓಡಿಸುವುದನ್ನೂ ತಂಡದ ಆಟಗಾರರ ಸಾವನ್ನೂ ಆ ಖಾತೆ ನಗೆಗೆ ಬಳಸಿತ್ತು. ಹಿಂಬಾಲಕರು ಬೆರಳೆಣಿಕೆಯಷ್ಟೇ ಮಂದಿ. ಆದರೂ ಪುಟದ ಮೇಲೆ ಟ್ವಿಟರ್ ತಾನಾಗಿಯೇ ಮುದ್ರಿಸುತ್ತಿದ್ದ ಒಂದು ಸಾಲಿತ್ತು: ಟೋನಿ ಲಾ ರೂಸಾ ಟ್ವಿಟರ್ ಬಳಸುತ್ತಿದ್ದಾರೆ, ನೀವೂ ಸೇರಿಕೊಳ್ಳಿ ಎಂಬ ಅರ್ಥದ್ದು. ನನ್ನ ಹೆಸರಿನಲ್ಲಿ ಗಿರಾಕಿಗಳನ್ನು ಕರೆಯುತ್ತಿರುವುದು ಟ್ವಿಟರ್ ಕಂಪನಿಯೇ ಎಂದು ವಾದಿಸಲು ಅವರಿಗೆ ಆ ಸಾಲು ದಾರಿಯಾಯಿತು.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ಹೆಸರು ಕೆಟ್ಟದ್ದು ನಿಜವಾದರೆ ಮಾನನಷ್ಟದ ಮೊಕದ್ದಮೆ ಹಾಕಬಹುದಿತ್ತಲ್ಲ, ಟ್ರೇಡ್‌ಮಾರ್ಕ್ ಯಾಕೆ? ಅಮೆರಿಕದ 'ಸೆಕ್ಷನ್ 230' ಎಂಬ ಪ್ರಸಿದ್ಧ ಕಾನೂನು, ಬಳಕೆದಾರರು ಬರೆದದ್ದಕ್ಕೆ ಜಾಲತಾಣವನ್ನು ಹೊಣೆ ಮಾಡಬಾರದು ಎನ್ನುತ್ತದೆ. ಮಾನನಷ್ಟ ಆ ಗೋಡೆಗೆ ಬಡಿದು ಬೀಳುತ್ತದೆ. ಆದರೆ ಬೌದ್ಧಿಕ ಆಸ್ತಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ ಎಂದು ಅದೇ ಕಾನೂನು ಒಂದು ಕಿಂಡಿ ಬಿಟ್ಟಿದೆ. ಹಾಗಾಗಿ ಬೇಸ್‌ಬಾಲ್ ಮ್ಯಾನೇಜರ್ ತಮ್ಮ ಹೆಸರನ್ನೇ ಸರಕಿನ ಗುರುತು ಮಾಡಿಕೊಂಡು ಆ ಕಿಂಡಿಯಲ್ಲಿ ತೂರಿದರು.

ಭಾರತದ ಐಟಿ ಕಾಯ್ದೆಯಲ್ಲೂ ಇಂಥದೇ ಗೋಡೆ ಇದೆ, ಅದು 79ನೇ ಸೆಕ್ಷನ್. ಕಿಂಡಿಯೂ ಇದೆ, 81ನೇ ಸೆಕ್ಷನ್ನಿನಲ್ಲಿ. ಅದರಲ್ಲಿ ಕಾಪಿರೈಟ್ ಮತ್ತು ಪೇಟೆಂಟ್ ಎರಡರ ಹೆಸರಿದೆ, ಟ್ರೇಡ್‌ಮಾರ್ಕಿನ ಹೆಸರಿಲ್ಲ. ಬೇಕೆಂದೇ ಬಿಟ್ಟರೋ, ಮರೆತರೋ, ಅಂತೂ ಅಮೆರಿಕದ ದಾರಿ ಇಲ್ಲಿ ಅಷ್ಟು ಸಲೀಸಲ್ಲ. ನಮ್ಮ ಹೈಕೋರ್ಟುಗಳು ಜಾಲತಾಣವನ್ನು ಅಪರಾಧಿಯಾಗಿ ನಿಲ್ಲಿಸುವುದಕ್ಕಿಂತ ಹೆಚ್ಚಾಗಿ 'ಈ ಖಾತೆ ತೆಗೆಯಿರಿ, ತೆರೆದವರ ವಿವರ ಕೊಡಿ' ಎಂದು ಆದೇಶಿಸುವುದು ಇದರಿಂದಲೂ ಹೌದು.

ಲಾ ರೂಸಾ ದಾವೆ ವಿಚಾರಣೆಯ ತನಕ ಹೋಗಲೇ ಇಲ್ಲ, ಹಿಂದಕ್ಕೆ ಪಡೆಯಲಾಯಿತು. ಆದರೆ ದಾವೆ ಸುದ್ದಿಯಾದ ದಿನಗಳಲ್ಲೇ, 2009ರ ಜೂನ್ 6ರಂದು, ಟ್ವಿಟರ್ ಸಹಸಂಸ್ಥಾಪಕ ಬಿಜ್ ಸ್ಟೋನ್ ಆ ದಾವೆಯನ್ನು ಹಗುರವಾಗಿ ಕಂಡು ಬರೆದ ಟಿಪ್ಪಣಿಯಲ್ಲೇ ಒಂದು ಹೊಸ ಪ್ರಯೋಗವನ್ನೂ ಪ್ರಕಟಿಸಿದರು. ಗಣ್ಯರು, ಸರ್ಕಾರಿ ಸಂಸ್ಥೆಗಳಂಥವರ ಗುರುತನ್ನು ಕಂಪನಿಯೇ ಪರಿಶೀಲಿಸಿ ಅವರ ಖಾತೆಗೊಂದು ಮುದ್ರೆ ಒತ್ತುವುದು. ನೀಲಿ ಟಿಕ್ ಹುಟ್ಟಿದ್ದು ಹೀಗೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಕ್ಲಹೋಮದ ವನೋಕ್ ಎಂಬ ಅನಿಲ ಕಂಪನಿ ತನ್ನ ಹೆಸರಿನ ಖಾತೆ ಬೇರೆಯವರ ಕೈಯಲ್ಲಿದೆ ಎಂದು ಟ್ವಿಟರ್ ಮೇಲೆ ದಾವೆ ಹೂಡಿತು. ಟ್ವಿಟರ್ ಖಾತೆಯನ್ನು ಬಿಟ್ಟುಕೊಟ್ಟಿತು, ದಾವೆ ಹಿಂದಕ್ಕೆ ಹೋಯಿತು. ತೀರ್ಪೂ ಇಲ್ಲ, ತತ್ವವೂ ಇಲ್ಲ. ಖಾತೆಗಳ ಕಾನೂನು ಬಹುಮಟ್ಟಿಗೆ ಹೀಗೆ, ಕೋರ್ಟಿನ ಹೊರಗೆ, ಕಂಪನಿಗಳ ನಿಯಮಪುಸ್ತಕದಲ್ಲೇ ಬೆಳೆಯಿತು.

ಹದಿಮೂರು ವರ್ಷ ಆ ಟಿಕ್ ತನ್ನ ಕೆಲಸ ಮಾಡಿತು. ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಎಂಬ ಗೊಣಗಾಟ ಸದಾ ಇತ್ತು. ಆದರೂ ಟಿಕ್ ಇದ್ದರೆ ಅಸಲಿ ಎಂದು ಜನ ನಂಬುತ್ತಿದ್ದರು. ಟ್ವಿಟರನ್ನು ಕೊಂಡ ಇಲಾನ್ ಮಸ್ಕ್ ಅದನ್ನೇ ಮಾರಾಟಕ್ಕಿಟ್ಟರು. 2022ರ ನವೆಂಬರ್ 9ರಿಂದ ತಿಂಗಳಿಗೆ 8 ಡಾಲರ್ ಕೊಟ್ಟವರಿಗೆಲ್ಲ ಟಿಕ್. ಗುರುತಿನ ಚೀಟಿ ಯಾರೂ ಕೇಳಲಿಲ್ಲ.

ಮರುದಿನವೇ ಎಲಿ ಲಿಲಿ ಎಂಬ ಔಷಧ ಕಂಪನಿಯ ಹೆಸರು, ಲೋಗೊ ಮತ್ತು ನೀಲಿ ಟಿಕ್ ಹೊತ್ತ ಖಾತೆಯಿಂದ ಒಂದು ಸಾಲಿನ ಪ್ರಕಟಣೆ ಬಂತು: ಇನ್ಸುಲಿನ್ ಇನ್ನುಮುಂದೆ ಉಚಿತ. ಖಾತೆಯ ಹ್ಯಾಂಡಲ್ 'ಎಲಿಲಿಲಿ ಆ್ಯಂಡ್ ಕೋ'. ಅಸಲಿ ಕಂಪನಿಯ ಹ್ಯಾಂಡಲ್ 'ಲಿಲಿಪ್ಯಾಡ್'. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಕಲಿಯೇ ಹೆಚ್ಚು ಅಸಲಿಯಂತೆ ಕಾಣುತ್ತಿತ್ತು. ಅದು ಗಂಟೆಗಟ್ಟಲೆ ಹಾಗೇ ಉಳಿಯಿತು. ದಾರಿತಪ್ಪಿಸುವ ಸಂದೇಶ ಕಂಡವರಲ್ಲಿ ಕ್ಷಮೆ ಕೇಳುತ್ತೇವೆ ಎಂದು ಕಂಪನಿ ಬರೆಯಬೇಕಾಯಿತು. ಇನ್ಸುಲಿನ್ ಉಚಿತವಲ್ಲ ಎಂದು ಒಂದು ಕಂಪನಿ ಕ್ಷಮೆ ಕೇಳಿದಂತಾಯಿತು ಅದು. ಅಮೆರಿಕದ ಸಕ್ಕರೆ ಕಾಯಿಲೆಯವರು ಅದರ ಬೆಲೆಯ ಬಗ್ಗೆ ವರ್ಷಗಳಿಂದ ಕೂಗಿಕೊಳ್ಳುತ್ತಿದ್ದರೆಂಬುದನ್ನು ನೆನೆದರೆ ಆ ಸಾಲಿನ ಇರಿತ ಗೊತ್ತಾಗುತ್ತದೆ. ಮರುದಿನ ಕಂಪನಿಯ ಷೇರು ಸುಮಾರು ಶೇಕಡಾ 4 ಇಳಿಯಿತು. ಇಡೀ ದೋಷವನ್ನು ಆ ಟ್ವೀಟಿನ ತಲೆಗೆ ಕಟ್ಟುವಂತಿಲ್ಲ, ಅಂದು ಬೇರೆ ಔಷಧ ಕಂಪನಿಗಳ ಷೇರುಗಳೂ ಕುಸಿದಿದ್ದವು. ಟಿಕ್ ಮಾರಾಟವನ್ನು ಟ್ವಿಟರ್ ಆ ವಾರವೇ ನಿಲ್ಲಿಸಿ, ಡಿಸೆಂಬರಿನಲ್ಲಿ ಒಂದಿಷ್ಟು ತಪಾಸಣೆ ಸೇರಿಸಿ ಮತ್ತೆ ಆರಂಭಿಸಿತು. 2023ರ ಮಾರ್ಚ್ 1ರಂದು ಎಲಿ ಲಿಲಿ ತನ್ನ ಹೆಚ್ಚು ಬಳಕೆಯ ಇನ್ಸುಲಿನ್‌ಗಳ ಬೆಲೆಯನ್ನು ಶೇಕಡಾ 70 ಇಳಿಸಿ, ರೋಗಿ ಕೈಯಿಂದ ಕೊಡುವ ಮೊತ್ತಕ್ಕೆ ತಿಂಗಳಿಗೆ 35 ಡಾಲರ್ ಮಿತಿ ಹಾಕುವುದಾಗಿ ಪ್ರಕಟಿಸಿತು. ಅದಕ್ಕೆ ಸರ್ಕಾರದ ಒತ್ತಡ, ಪೈಪೋಟಿ, ಹೊಸ ಕಾನೂನು ಎಲ್ಲವೂ ಕಾರಣ. ನಕಲಿ ಟ್ವೀಟಿಗೆ ಆ ಕೀರ್ತಿ ಕೊಡುವವರು ಈಗಲೂ ಇದ್ದಾರೆ.

ಕಾನೂನಿನ ಕಣ್ಣಿಗೆ ಅದು ಏನು? ಲೋಗೊ ಕದ್ದದ್ದು ನಿಜ, ಜನ ಮೋಸಹೋದದ್ದು ನಿಜ. ಆದರೆ ಮಾಡಿದವನು ಏನನ್ನೂ ಮಾರಲಿಲ್ಲ. ವ್ಯಾಪಾರದ ಸಂದರ್ಭ ಎಲ್ಲಿದೆ? ಅದು ಅಣಕ ಎಂದು ಅವನ ವಕೀಲ ಎದ್ದು ನಿಲ್ಲಬಹುದು. ಅಣಕಕ್ಕೆ ಒಂದು ನಿಯಮವಿದೆ, ಓದಿದವನಿಗೆ ಅದು ಅಣಕ ಎಂದು ಗೊತ್ತಾಗಬೇಕು. ನೀಲಿ ಟಿಕ್ ಆ ನಿಯಮವನ್ನೇ ಕೊಂದುಹಾಕಿತ್ತು. ಅಣಕಕ್ಕೂ ವಂಚನೆಗೂ ನಡುವಿನ ಗೆರೆಯನ್ನು 8 ಡಾಲರಿಗೆ ಅಳಿಸಿದ್ದು ಟ್ವೀಟು ಬರೆದವನಲ್ಲ, ಟಿಕ್ ಮಾರಿದವರು. ಯುರೋಪಿನವರು ಹಿಡಿದದ್ದು ಈ ಎಳೆಯನ್ನೇ. 2025ರ ಡಿಸೆಂಬರಿನಲ್ಲಿ ಯುರೋಪಿಯನ್ ಕಮಿಷನ್ ಎಕ್ಸ್ ಕಂಪನಿಗೆ 12 ಕೋಟಿ ಯೂರೊ ದಂಡ ಹಾಕಿದಾಗ ಹೇಳಿದ ಕಾರಣಗಳಲ್ಲಿ ಒಂದು, ನೀಲಿ ಟಿಕ್‌ನ ವಿನ್ಯಾಸವೇ ಬಳಕೆದಾರರನ್ನು ದಾರಿತಪ್ಪಿಸುತ್ತದೆ ಎಂಬುದು. ಅಲ್ಲಿ ಟ್ರೇಡ್‌ಮಾರ್ಕ್ ಪ್ರಶ್ನೆಯೇ ಬರಲಿಲ್ಲ.

ಅಣಕ ಎಷ್ಟರ ಮಟ್ಟಿಗೆ ಉಳಿಯಬೇಕು ಎಂಬುದು ಸುಲಭದ ಮಾತಲ್ಲ. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ರಿಗ್ ಸ್ಫೋಟಿಸಿ ಹನ್ನೊಂದು ಮಂದಿ ಸತ್ತು, ತಿಂಗಳುಗಟ್ಟಲೆ ತೈಲ ಸಮುದ್ರಕ್ಕೆ ಹರಿಯಿತು. ಆಗ 'ಬಿಪಿ ಗ್ಲೋಬಲ್ ಪಿಆರ್' ಎಂಬ ಟ್ವಿಟರ್ ಖಾತೆ ಬಿಪಿ ಎಂಬ ತೈಲ ಕಂಪನಿಯ ಪ್ರಚಾರ ವಿಭಾಗದ ದನಿಯಲ್ಲಿ, ನಾಚಿಕೆಗೆಟ್ಟ ನಯವಿನಯದಿಂದ, ದಿನಕ್ಕೊಂದು ಪ್ರಕಟಣೆ ಹೊರಡಿಸತೊಡಗಿತು. ಅಸಲಿ ಬಿಪಿ ಖಾತೆಗಿಂತ ಹಲವು ಪಟ್ಟು ಹೆಚ್ಚು ಜನ ಅದನ್ನು ಹಿಂಬಾಲಿಸಿದರು. ಖಾತೆಯವರು ಟೀ ಶರ್ಟ್ ಮಾರಿ ಬಂದ ದುಡ್ಡನ್ನು ಕೊಲ್ಲಿಯ ಪರಿಹಾರಕ್ಕೆ ಕೊಟ್ಟರು. ಗಮನಿಸಿ, ಇಲ್ಲಿ ಮಾರಾಟ ಇತ್ತು! ಟ್ರೇಡ್‌ಮಾರ್ಕ್ ವಕೀಲನಿಗೆ ಹಬ್ಬವಾಗಬೇಕಾದ ಪ್ರಕರಣ. ಆದರೂ ಬಿಪಿ ಕೇಳಿದ್ದು, ಇದು ನಮ್ಮ ಖಾತೆಯಲ್ಲ ಎಂದು ಸ್ಪಷ್ಟವಾಗಲಿ ಎಂದಷ್ಟೆ. ಸಮುದ್ರವೇ ಕಪ್ಪಾಗಿರುವಾಗ ಲೋಗೊಗಾಗಿ ಕೋರ್ಟಿಗೆ ಹೋಗುವುದರ ಬೆಲೆ ಅವರಿಗೆ ತಿಳಿದಿತ್ತು.

ಆ ಎಚ್ಚರ ಟಾಟಾ ಸನ್ಸ್‌ಗೆ ಇರಲಿಲ್ಲ. ಒಡಿಶಾದ ಧಾಮ್ರಾ ಬಂದರಿನಿಂದ ಆಲಿವ್ ರಿಡ್ಲಿ ಕಡಲಾಮೆಗಳಿಗೆ ಅಪಾಯ ಎಂದು ಹೇಳಲು ಗ್ರೀನ್‌ಪೀಸ್ ಸಂಸ್ಥೆ 'ಟರ್ಟಲ್ ವರ್ಸಸ್ ಟಾಟಾ' ಎಂಬ ಆಟವನ್ನು ಜಾಲತಾಣದಲ್ಲಿ ಬಿಟ್ಟಿತು. ಹಳೆಯ ಪ್ಯಾಕ್‌ಮ್ಯಾನ್ ಆಟದ ಧಾಟಿ. ಬೆನ್ನಟ್ಟಿ ಬರುವ ರಾಕ್ಷಸರಿಗೆ ಟಾಟಾ ಹೆಸರು ಮತ್ತು ಲೋಗೊ. ಟಾಟಾ ಟ್ರೇಡ್‌ಮಾರ್ಕ್ ಉಲ್ಲಂಘನೆ, ಮಾನನಷ್ಟ ಎಂದು ದೆಹಲಿ ಹೈಕೋರ್ಟಿಗೆ ಹೋಗಿ 10 ಕೋಟಿ ರೂಪಾಯಿ ಪರಿಹಾರ ಕೇಳಿತು. 2011ರ ಜನವರಿಯಲ್ಲಿ ನ್ಯಾಯಮೂರ್ತಿ ರವೀಂದ್ರ ಭಟ್ ತಡೆಯಾಜ್ಞೆ ನಿರಾಕರಿಸಿದರು. ಟೀಕೆಗಾಗಿ ಗುರುತನ್ನು ಬಳಸುವುದು ಬೇರೆ, ಸರಕಿಗಾಗಿ ಬಳಸುವುದು ಬೇರೆ ಎಂಬ ಆ ಆದೇಶ ಇವತ್ತಿಗೂ ಅಣಕದ ಖಾತೆಗಳ ವಕೀಲರು ಮೊದಲು ತೆಗೆಯುವ ಹಾಳೆ.

ಅಧಿಕಾರದಲ್ಲಿರುವವರಿಗೆ ಅಣಕ ಸಹಿಸುವುದು ಕಂಪನಿಗಳಿಗಿಂತ ಕಷ್ಟ. 2012ರ ಆಗಸ್ಟಿನಲ್ಲಿ, ಈಶಾನ್ಯದ ಜನ ವದಂತಿಗೆ ಹೆದರಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸಾಲುಗಟ್ಟಿದ್ದ ದಿನಗಳಲ್ಲಿ, ಕೇಂದ್ರ ಸರ್ಕಾರ ವದಂತಿ ಹಬ್ಬಿಸುವ ಖಾತೆಗಳ ಜೊತೆಗೆ ಪ್ರಧಾನಿ ಕಚೇರಿಯನ್ನು ಹೋಲುವ ಆರು ಟ್ವಿಟರ್ ಖಾತೆಗಳನ್ನೂ ತೆಗೆಸಲು ಹೊರಟಿತು. ಒಂದರ ಹ್ಯಾಂಡಲ್‌ನಲ್ಲಿ ಇಂಗ್ಲಿಷಿನ 'ಒ' ಅಕ್ಷರದ ಜಾಗದಲ್ಲಿ ಸೊನ್ನೆ ಇತ್ತು. ಮೊಬೈಲ್ ಪರದೆಯ ಮೇಲೆ ಆ ಸೊನ್ನೆ ಕಾಣುವುದು ಹದ್ದಿನ ಕಣ್ಣಿನವರಿಗೆ ಮಾತ್ರ. ಇನ್ನೊಂದರ ಹೆಸರು ನೋಡಿದರೆ ಮಗುವೂ ತಮಾಷೆ ಎನ್ನುವಂತಿತ್ತು. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದ್ದು ಸರ್ಕಾರದ ವಿವೇಚನೆ.

ಈಗ ನಿಜವಾದ ವಂಚನೆಗೆ ಬರೋಣ. ಅಲ್ಲಿ ಟ್ರೇಡ್‌ಮಾರ್ಕ್ ಕಾಯ್ದೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಮೂಲ್ ಫ್ರಾಂಚೈಸಿ ಕೊಡಿಸುತ್ತೇವೆಂದು ಠೇವಣಿ ಕಟ್ಟಿಸಿಕೊಳ್ಳುವ ನಕಲಿ ತಾಣಗಳ ವಿರುದ್ಧ ಗುಜರಾತಿನ ಹಾಲು ಮಹಾಮಂಡಳ 2020ರಲ್ಲಿ ದೆಹಲಿ ಹೈಕೋರ್ಟಿನಿಂದ ಆದೇಶ ತಂದಿತು. ಡಾಬರ್ ಕೂಡ ಇಂಥದೇ ದಾವೆ ಹೂಡಿತು, ಪ್ರತಿವಾದಿಯ ಹೆಸರು ಅಶೋಕ್ ಕುಮಾರ್. ಯಾರೀತ? ಯಾರೂ ಅಲ್ಲ. ಮುಖ ಗೊತ್ತಿಲ್ಲದ ಪ್ರತಿವಾದಿಗೆ ಅಮೆರಿಕದಲ್ಲಿ 'ಜಾನ್ ಡೋ' ಎನ್ನುತ್ತಾರೆ, ನಮ್ಮ ಕೋರ್ಟುಗಳಲ್ಲಿ ಅಶೋಕ್ ಕುಮಾರ್. ನಕಲಿ ಖಾತೆಗಳ ವ್ಯಾಜ್ಯದಲ್ಲಿ ಈ ಕಲ್ಪಿತ ಮನುಷ್ಯನಷ್ಟು ಸಲ ಕಟಕಟೆ ಹತ್ತಿದವರು ಇನ್ನೊಬ್ಬರಿಲ್ಲ. ಅದೇ ಹೆಸರಿನ ನಿಜವಾದ ವ್ಯಕ್ತಿಗಳಿಗೆ ಏನನ್ನಿಸುತ್ತದೋ.

ಬೆಂಗಳೂರಿನ ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಪ್ರಕರಣ ಇದೆಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಅವರ ಹೆಸರು, ಚಿತ್ರ, ಭಾಷಣದ ತುಣುಕುಗಳನ್ನು ಬಳಸಿಕೊಂಡ ಫೇಸ್‌ಬುಕ್ ಪುಟಗಳು ಆರೋಗ್ಯ ಸಲಹೆ ಕೊಡುವಂತೆ ನಟಿಸುತ್ತಿದ್ದವು. 2024ರಲ್ಲಿ ಅವರೂ ನಾರಾಯಣ ಹೃದಯಾಲಯ ಕಂಪನಿಯೂ ಜೊತೆಯಾಗಿ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ಪಡೆದರು. ಜೊತೆಯಾಗಿ ಎಂಬುದೇ ಇಲ್ಲಿನ ಜಾಣತನ. ಆಸ್ಪತ್ರೆಯ ಹೆಸರಿಗೆ ಟ್ರೇಡ್‌ಮಾರ್ಕ್ ಇದೆ, ಅದಕ್ಕೆ ಕಾಯ್ದೆಯ ಸ್ಪಷ್ಟ ಬಲ. ವೈದ್ಯರ ಮುಖಕ್ಕೂ ದನಿಗೂ ವ್ಯಕ್ತಿತ್ವದ ಹಕ್ಕು, ಅದಕ್ಕೆ ಹಿಂದಿನ ತೀರ್ಪುಗಳ ಬಲ. 2022ರ ನವೆಂಬರಿನಲ್ಲಿ ಅಮಿತಾಭ್ ಬಚ್ಚನ್, 2023ರಲ್ಲಿ ಅನಿಲ್ ಕಪೂರ್, 2024ರ ಮೇನಲ್ಲಿ ಜಾಕಿ ಶ್ರಾಫ್ ಪಡೆದ ಆದೇಶಗಳು ಆ ದಾರಿಯನ್ನು ತೆರೆದಿದ್ದವು. ಜಾಕಿ ಶ್ರಾಫ್ ತಮ್ಮ ಹೆಸರಿನ ಜೊತೆಗೆ 'ಭಿಡು' ಎಂಬ ಮಾತನ್ನೂ ಕಾಪಾಡಿಕೊಳ್ಳಲು ಬಂದಿದ್ದರು. ಮುಂಬೈನ ಬೀದಿಬೀದಿಯಲ್ಲಿ ಕೇಳುವ ಪದಕ್ಕೆ ಒಬ್ಬರು ಬೇಲಿ ಹಾಕುವುದು ಎಷ್ಟು ಸರಿ ಎಂಬ ಪ್ರಶ್ನೆ ಉಳಿದೇ ಇದೆ. ಅದೇ ಪ್ರಕರಣದಲ್ಲಿ ಅವರ ಮೇಲೆ ಹಾಸ್ಯದ ವೀಡಿಯೊ ಮಾಡಿದ್ದ ಯೂಟ್ಯೂಬರ್ ಒಬ್ಬರ ವಿರುದ್ಧ ತಕ್ಷಣ ತಡೆ ಕೊಡಲು ಕೋರ್ಟು ಒಪ್ಪಲಿಲ್ಲ ಎನ್ನುವುದು ಸಮಾಧಾನದ ಸಂಗತಿ.

ಎಲ್ಲರೂ ಕೋರ್ಟಿಗೆ ಹೋಗುವುದಿಲ್ಲ. ಇನ್ಫೊಸಿಸ್‌ನ ನಾರಾಯಣ ಮೂರ್ತಿ ಅವರ ನಕಲಿ ವೀಡಿಯೊಗಳು ಷೇರು ಮತ್ತು ಬಿಟ್‌ಕಾಯಿನ್ ಆ್ಯಪ್‌ಗಳನ್ನು ಹೊಗಳುತ್ತ ಹರಿದಾಡಿದಾಗ, 2023ರ ಡಿಸೆಂಬರಿನಲ್ಲಿ ಅವರು ಎಕ್ಸ್‌ನಲ್ಲೇ ಬರೆದು ಅದು ನಾನಲ್ಲ, ನಂಬಬೇಡಿ ಎಂದರು. ಅವರ ಮಾತು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಹೆಸರಿದ್ದವರಿಗೆ ಆ ದಾರಿಯೂ ಇದೆ.

ಹೆಸರಿಲ್ಲದವರದು ಬೇರೆ ಕತೆ. ತಾಲ್ಲೂಕು ಕೇಂದ್ರದ ಒಬ್ಬ ಮೇಷ್ಟ್ರ ಫೇಸ್‌ಬುಕ್ ಫೋಟೊ, ಹೆಸರು, ಊರು ಎಲ್ಲವನ್ನೂ ನಕಲು ಮಾಡಿ ಇನ್ನೊಂದು ಖಾತೆ ತೆರೆಯುತ್ತಾರೆ ಎಂದುಕೊಳ್ಳಿ. ಅಂಥದ್ದು ನಿತ್ಯ ನಡೆಯುತ್ತದೆ. ಸ್ನೇಹಿತರ ಪಟ್ಟಿಗೆಲ್ಲ ಹೊಸ ವಿನಂತಿ ಹೋಗುತ್ತದೆ. ಆಮೇಲೆ ಮೆಸೆಂಜರ್‌ನಲ್ಲಿ 'ಹೇಗಿದ್ದೀರಿ ಸರ್' ಎಂದು ಶುರುವಾಗಿ, ಆಸ್ಪತ್ರೆಯಲ್ಲಿದ್ದೇನೆ, ಸ್ವಲ್ಪ ಫೋನ್‌ಪೇ ಮಾಡಿ, ನಾಳೆ ವಾಪಸು ಎನ್ನುತ್ತದೆ. ಇದರದೇ ಇನ್ನೊಂದು ಅವತಾರ: ಸಿಆರ್‌ಪಿಎಫ್‌ನಲ್ಲಿರುವ ನನ್ನ ಸ್ನೇಹಿತನಿಗೆ ವರ್ಗವಾಗಿದೆ, ಸೋಫಾ, ಫ್ರಿಜ್, ವಾಷಿಂಗ್ ಮೆಷಿನ್ ಅಗ್ಗಕ್ಕೆ ಕೊಡುತ್ತಿದ್ದಾನೆ, ಅಡ್ವಾನ್ಸ್ ಕಳಿಸಿ. ಪೊಲೀಸ್ ಅಧಿಕಾರಿಗಳ, ಜಿಲ್ಲಾಧಿಕಾರಿಗಳ ಹೆಸರಿನ ನಕಲಿ ಖಾತೆಗಳಿಂದಲೂ ಇದೇ ಫರ್ನಿಚರ್ ಮಾರಾಟಕ್ಕೆ ಬಂದಿದೆ. ಅಧಿಕಾರಿಯ ಹೆಸರಿದ್ದರೆ ಚೌಕಾಸಿ ಮಾಡಲು ಜನ ಅಳುಕುತ್ತಾರೆ, ಅದೇ ವಂಚಕನ ಬಂಡವಾಳ.

ಮೇಷ್ಟ್ರ ಹೆಸರಿಗೆ ಟ್ರೇಡ್‌ಮಾರ್ಕ್ ಇಲ್ಲ. ಅವರು ಪ್ರಸಿದ್ಧರಲ್ಲ, ಹಾಗಾಗಿ ವ್ಯಕ್ತಿತ್ವದ ಹಕ್ಕಿನ ತೀರ್ಪುಗಳೂ ಅವರಿಗೆ ಸಲ್ಲುವುದು ಕಷ್ಟ. ಆ ಹಕ್ಕು ಬೆಳೆದದ್ದೇ ಹೆಸರಿಗೆ ಮಾರುಕಟ್ಟೆ ಬೆಲೆ ಇದ್ದವರ ಸುತ್ತ. ಅವರ ಪಾಲಿಗೆ ಇರುವುದು ಕ್ರಿಮಿನಲ್ ಕಾನೂನು. ಐಟಿ ಕಾಯ್ದೆಯ 66ಸಿ ಮತ್ತು 66ಡಿ ಸೆಕ್ಷನ್‌ಗಳು ಗುರುತಿನ ಕಳವಿಗೂ, ಕಂಪ್ಯೂಟರ್ ಮೂಲಕ ಇನ್ನೊಬ್ಬರಂತೆ ನಟಿಸಿ ವಂಚಿಸುವುದಕ್ಕೂ ಮೂರು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಎನ್ನುತ್ತವೆ. ಭಾರತೀಯ ನ್ಯಾಯ ಸಂಹಿತೆಯ 319ನೇ ಸೆಕ್ಷನ್ ಐದು ವರ್ಷದವರೆಗೆ ಹೋಗುತ್ತದೆ. ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗಳಿವೆ, ದುಡ್ಡು ಹೋದ ತಕ್ಷಣ ಕರೆ ಮಾಡಲು 1930 ಇದೆ. ಕಾಗದದ ಮೇಲೆ ಇದು ಟ್ರೇಡ್‌ಮಾರ್ಕಿಗಿಂತ ಗಟ್ಟಿ ರಕ್ಷಣೆ. ಆದರೆ ವಂಚಕ ಇನ್ನೊಂದು ರಾಜ್ಯದಲ್ಲಿ ಬಾಡಿಗೆ ಸಿಮ್ ಹಿಡಿದು ಕುಳಿತಿರುತ್ತಾನೆ. ಮೇಷ್ಟ್ರಿಗೆ ಅವನ ಜೈಲುವಾಸಕ್ಕಿಂತ ತುರ್ತಾಗಿ ಬೇಕಾದ್ದು ಆ ಖಾತೆ ಇವತ್ತೇ ಹೋಗುವುದು.

ಅದಕ್ಕೂ ಒಂದು ನಿಯಮ ಬಂತು. 2021ರ ಫೆಬ್ರವರಿಯಲ್ಲಿ ಹೊರಬಂದ ಐಟಿ ನಿಯಮಗಳು, ಇನ್ನೊಬ್ಬರಂತೆ ನಟಿಸುವ ಖಾತೆ ಅಥವಾ ತಿರುಚಿದ ಚಿತ್ರದ ಬಗ್ಗೆ ಆ ವ್ಯಕ್ತಿ ಅಥವಾ ಅವರ ಪರವಾಗಿ ಇನ್ನೊಬ್ಬರು ದೂರಿದರೆ, ಆಗಿನ ಗಡುವಿನಂತೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು ಜಾಲತಾಣಗಳಿಗೆ ವಿಧಿಸಿದವು. ಕಂಪನಿ ಕೇಳದಿದ್ದರೆ ಮೇಲ್ಮನವಿಗೆ ಸಮಿತಿಗಳು 2023ರಿಂದ ಇವೆ. ಕೋರ್ಟು ಬೇಡ, ವಕೀಲರು ಬೇಡ, ನೋಂದಣಿ ಬೇಡ. ಹೆಸರಿಗೆ ಬೆಲೆ ಕಟ್ಟದೆಯೇ ಹೆಸರನ್ನು ಕಾಯುವ ನಿಯಮ ಇದೊಂದೇ, ಮತ್ತು ಇದು ಇದೆಯೆಂದು ತಿಳಿದವರು ತೀರಾ ಕಡಿಮೆ.

ಜಾಲತಾಣಗಳು ಮಾತ್ರ ಇದನ್ನು ಬೇರೆ ರೀತಿ ನೋಡುತ್ತಿರುವಂತಿದೆ. 2023ರ ಜೂನ್‌ನಲ್ಲಿ ಮೆಟಾ ಕಂಪನಿ ಭಾರತದಲ್ಲಿ ತಿಂಗಳಿಗೆ 699 ರೂಪಾಯಿಯ ಮೆಟಾ ವೆರಿಫೈಡ್ ಆರಂಭಿಸಿದಾಗ ಅದರ ಸವಲತ್ತುಗಳ ಪಟ್ಟಿಯಲ್ಲಿ ಟಿಕ್ ಜೊತೆಗೆ ಇನ್ನೊಂದನ್ನೂ ಸೇರಿಸಿತ್ತು: ನಿಮ್ಮ ಹೆಸರಿನ ನಕಲಿ ಖಾತೆಗಳ ಮೇಲೆ ನಾವೇ ಮುಂಚಿತವಾಗಿ ಕಣ್ಣಿಡುತ್ತೇವೆ. ಕಣ್ಣಿಡುವ ತಂತ್ರ ಇದೆ ಎಂದಾಯಿತು. ದುಡ್ಡು ಕೊಡದವರ ಹೆಸರಿಗೆ ಅದನ್ನು ಯಾಕೆ ತಿರುಗಿಸಿಲ್ಲ ಎಂದು ಯಾವ ಕಾಯ್ದೆಯೂ ಕೇಳುವುದಿಲ್ಲ.

ದೂರಿನ ನಮೂನೆಗಳಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಎಕ್ಸ್‌ನ ಟ್ರೇಡ್‌ಮಾರ್ಕ್ ದೂರು ಕೇಳುವುದು ನೋಂದಣಿ ಸಂಖ್ಯೆ, ಯಾವ ದೇಶದ ಕಚೇರಿ, ಯಾವ ಗುರುತು ಎಂಬ ವಿವರ. ಭಾರತದಲ್ಲಿ ಆ ಸಂಖ್ಯೆ ಪಡೆಯಲು ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಕಟ್ಟಬೇಕು, ಉಳಿದವರು 9,000. ಸಿಕ್ಕರೆ ಹತ್ತು ವರ್ಷದ ಬಾಳಿಕೆ, ಮತ್ತೆ ನವೀಕರಿಸಬಹುದು. ಮನೆಯಲ್ಲೇ ಚಟ್ನಿಪುಡಿ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುವ ಗೃಹಿಣಿಗೂ ಇದು ಎಟುಕದ ಮೊತ್ತವಲ್ಲ. ಅವರ ಪುಟದ ನಕಲು ಎದ್ದ ದಿನ ಆ ಸಂಖ್ಯೆ ಕೈಯಲ್ಲಿದ್ದರೆ ದೂರಿಗೆ ತೂಕ ಬರುತ್ತದೆ. ಮೇಷ್ಟ್ರು ತುಂಬಬೇಕಾದದ್ದು ಇನ್ನೊಂದು ನಮೂನೆ. ಅದು ಕೇಳುವುದು ಸರ್ಕಾರಿ ಗುರುತಿನ ಚೀಟಿಯ ಫೋಟೊ. ಮೇಷ್ಟ್ರ ಹೆಸರಿನಲ್ಲಿ ಖಾತೆ ತೆರೆದವನಿಂದ ಅದನ್ನು ಯಾರೂ ಕೇಳಿರಲಿಲ್ಲ.